ಕರೆಯದೆ ಬಂದ ಮುಯ್ಯಾಳುಗಳು

"ಗುರುಗಳೇ, ಒಂದೇ ಬೆಳೆ ಇಟ್ಟು ಭೂಮಿಯ ಸತ್ವ ಕಳೆಯಬೇಡಿ ಎಂದು ಎರಡು ವರ್ಷ ಊರೂರು ತಿರುಗಿ ಗಂಟಲು ಹರಿದುಕೊಂಡೆ. ಹೋದಲ್ಲೆಲ್ಲ ಜನ ಕರೆದು ಊಟಕ್ಕಿಕ್ಕಿದರು, ಮಾತು ಮಾತ್ರ ಕೇಳಲಿಲ್ಲ. ಇಂಥವರಿಗೆ ಕಲಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ರೈತನಿದ್ದ. ರಾಗಿಯ ನಡುನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುವುದನ್ನು ಮಾವನ ಮನೆಯಲ್ಲಿ ನೋಡಿ ಕಲಿತಿದ್ದ. ಕೆಲವು ವರ್ಷಗಳಲ್ಲಿ ಅವನ ಮಣ್ಣು ಮೆತ್ತಗಾಯಿತು, ಮನೆಯಲ್ಲಿ ಸಾರಿಗೆ ಕಾಳು ತುಂಬಿತು. ಊರವರು ಬರೀ ರಾಗಿ ಬಿತ್ತುತ್ತಿದ್ದರು, ಅದೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ರೈತನಿಗೆ ನಿಜವಾಗಿಯೂ ಸಂಕಟ. ದಿನವೂ ಕಟ್ಟೆಯ ಮೇಲೆ ಕೂತು ಉಪದೇಶ ಮಾಡಿದ. ಜನ ಹೂಂಗುಟ್ಟಿ ಎದ್ದು ಹೋದರು. ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ ಎಂದು ಊರೆಲ್ಲ ಮುಯ್ಯಾಳಾಗಿ ದುಡಿಯುವಾಗ, ಕೇಳದವರ ಹೊಲದಲ್ಲಿ ತನಗೇನು ಕೆಲಸ ಎಂದು ಅವನು ಹೋಗುವುದನ್ನೇ ಬಿಟ್ಟ.

ಒಂದು ಮಳೆಗಾಲ, ಕಳೆ ಕೀಳುವ ಹೊತ್ತಿಗೆ ಸರಿಯಾಗಿ ಅವನಿಗೆ ಜ್ವರ ಬಂತು. ಗಂಟಲೂ ಕಟ್ಟಿತು. ಕಳೆ ಪೈರನ್ನು ಮುಚ್ಚುತ್ತಿತ್ತು. ಯಾರನ್ನೂ ಕರೆಯಲು ಅವನಿಗೆ ಮುಖವಿರಲಿಲ್ಲ.

ಬೆಳಗ್ಗೆ ಹೊಲದ ಕಡೆ ಮಾತು ಕೇಳಿಸಿತು. ಕಂಬಳಿ ಹೊದ್ದು ಹೋಗಿ ನೋಡಿದರೆ ಊರವರೆಲ್ಲ ಬಗ್ಗಿ ಕಳೆ ಕೀಳುತ್ತಿದ್ದರು.

"ನೀನು ನಮ್ ಹೊಲಕ್ಕೆ ಬರ್ದೇ ಇದ್ರೆ ಪೈರೇನಯ್ಯ ತಪ್ಪು ಮಾಡೈತೆ?" ಎಂದು ಪಕ್ಕದ ಹೊಲದವನು ನಕ್ಕ. "ಇದೇನು, ಬೆರಳು ಹಾಕಿದ್ರೆ ಸಾಕು, ಬೇರು ಸಮೇತ ಬತ್ತೈತೆ! ನಮ್ ಹೊಲದಾಗೆ ಗುದ್ದಲೀನೇ ಇಳಿಯಾಕಿಲ್ಲ."

ಉತ್ತರಿಸಲು ರೈತನಿಗೆ ದನಿಯಿರಲಿಲ್ಲ. ತುಂಬಿದ ಕಣ್ಣಲ್ಲೇ ಅವರೆಯ ಸಾಲು ತೋರಿಸಿದ. ಮಧ್ಯಾಹ್ನ ಅವನ ಹೆಂಡತಿ ಅವರೆಕಾಳಿನ ಸಾರು, ಮುದ್ದೆ ಇಕ್ಕಿದಳು. ಎಲ್ಲರೂ ಮತ್ತೆ ಮತ್ತೆ ಹಾಕಿಸಿಕೊಂಡು ಉಂಡರು.

ಜ್ವರ ಬಿಟ್ಟ ಮೇಲೆ ಮುಯ್ಯಿ ತೀರಿಸಲು ರೈತ ಒಬ್ಬೊಬ್ಬರ ಹೊಲಕ್ಕೂ ಹೋದ. ಪಕ್ಕದವನು ಕಳೆ ಕೀಳುತ್ತಾ ಮೆಲ್ಲಗೆ ಹೇಳಿದ: "ನೀನು ಹೇಳಿದ್ದು ಸರೀನೇ ಕಣಯ್ಯ. ಆದ್ರೆ ಮನೇಲಿ ಒಂದು ಹಿಡಿ ಅವರೆ ಬೀಜ ಇಲ್ಲ. ಕಟ್ಟೇಲಿ ಎಲ್ರ ಮುಂದೆ ಹೆಂಗೆ ಕೇಳಲಿ?" ಇನ್ನೊಂದು ಹೊಲದಲ್ಲಿ ಒಬ್ಬಳು ಮುದುಕಿ, ಇಳಿಜಾರಿಗೆ ಅಡ್ಡವಾಗಿ ಸಾಲು ಹಿಡಿದರೆ ಮಳೆನೀರು ಮಣ್ಣನ್ನು ಒಯ್ಯುವುದಿಲ್ಲ ಎಂದು ತೋರಿಸಿದಳು. ಅದು ಅವನಿಗೆ ಗೊತ್ತೇ ಇರಲಿಲ್ಲ.

ಮುಂದಿನ ಬಿತ್ತನೆಗೆ ಅವನು ಮನೆಮನೆಗೆ ಬೀಜ ಕೊಟ್ಟ, ತನ್ನ ಸಾಲನ್ನು ಅಡ್ಡವಾಗಿ ಹಿಡಿದ. ಆ ವರ್ಷ ಊರಿನ ಹೊಲಗಳಲ್ಲೆಲ್ಲ ಅವರೆ ಹೂಬಿಟ್ಟಿತು. ತನ್ನ ಬಾಯಿ ಕಟ್ಟಿದ ಆ ಜ್ವರಕ್ಕೆ ರೈತ ಬದುಕಿರುವವರೆಗೂ ಕೈಮುಗಿಯುತ್ತಿದ್ದ.

"ಹಾಗಾದರೆ ನಾನೂ ಬೀಜ ಒಯ್ಯಬೇಕೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ನೋಡಿದರು.

"ಎರಡು ವರ್ಷ ಅವರ ಅನ್ನ ಉಂಡೆಯಲ್ಲ, ಮುಯ್ಯಿಗೆ ಯಾವಾಗ ಹೋಗುತ್ತೀಯೆ?"