ಐದನೇ ಅಂತಸ್ತಿನ ಬಾಗಿಲು

ಸಮುದ್ರದಾಚೆ ಒಂದು ನಾಡು, ಆ ನಾಡಿನಲ್ಲಿ ಒಂದು ಕಣಿವೆ, ಆ ಕಣಿವೆಯಲ್ಲಿ ಒಂದು ಊರು ಇತ್ತಂತೆ. ನಾಡಿನ ಹೆಸರು ಯೆಮನ್, ಕಣಿವೆಯ ಹೆಸರು ಹದ್ರಮೌತ್. ಉತ್ತರಕ್ಕೆ ಕೊನೆಯಿಲ್ಲದ ಮರಳು, ದಕ್ಷಿಣಕ್ಕೆ ಸಮುದ್ರ, ನಡುವೆ ಕಡಿದಾದ ಎರಡು ಬಂಡೆಗಳ ಮಧ್ಯೆ ಖರ್ಜೂರದ ತೋಟ. ಧೂಪದ ಮೂಟೆ ಹೊತ್ತ ಒಂಟೆಗಳು ಆ ದಾರಿಯಲ್ಲೇ ಹೋಗುತ್ತಿದ್ದವಂತೆ. ಧೂಪ ಹೋಗುವ ದಾರಿಯಲ್ಲಿ ಕಳ್ಳರೂ ಬರುತ್ತಾರೆ. ಆದ್ದರಿಂದ ಊರಿನವರು ಸುತ್ತಲೂ ಕೋಟೆ ಕಟ್ಟಿ, ಅಗಲಕ್ಕೆ ಬೆಳೆಯದೆ ಎತ್ತರಕ್ಕೆ ಬೆಳೆದರು. ಹಸಿ ಇಟ್ಟಿಗೆಯ ಮನೆಗಳು. ಕೆಳಗೆ ಧಾನ್ಯ, ಅದರ ಮೇಲೆ ಆಡು, ಅದರ ಮೇಲೆ ಗಂಡಸರು, ಅದರ ಮೇಲೆ ಹೆಂಗಸರು. ಐದನೇ ಅಂತಸ್ತಿನಲ್ಲಿ ಮನೆಯಿಂದ ಮನೆಗೆ ಒಂದು ಬಾಗಿಲು. ಬೀದಿಗೆ ಕಾಲಿಡದೆ ಊರಿಡೀ ನಡೆಯಬಹುದಿತ್ತಂತೆ. ಆದರೆ ಒಂದು ನಿಯಮ: ತಟ್ಟದೆ ಒಳಗೆ ಬರಕೂಡದು.

ಸಾಲಿನ ಕೊನೆಯ ಮನೆ, ಕೋಟೆಗೆ ಅಂಟಿಕೊಂಡದ್ದು, ಘನಿಯ್ಯಾ ಎಂಬ ವಿಧವೆಯದು. ಪಕ್ಕದ ಮನೆ ಬಖೀತಾಳದು. ಒಂದು ದಿನ ಘನಿಯ್ಯಾಳ ಮಗಳು ಶಮ್ಮಾಳನ್ನು ನೋಡಲು ಬೀಗರಾಗುವವರು ಬಂದು ಕುಳಿತಿದ್ದರು. ಬಖೀತಾ ಬಾಗಿಲು ತಟ್ಟದೆ ನುಗ್ಗಿಬಂದು, "ಘನಿಯ್ಯಾ, ನಿನ್ನ ಆಡು ನನ್ನ ಹಿಟ್ಟು ತಿಂದಿತು!" ಎಂದಳಂತೆ.

ಮದುವೆಯೇನೋ ಆಯಿತು, ಅಳಿಯ ಧೂಪದ ಒಂಟೆಗಳೊಂದಿಗೆ ಹೊರಟೂ ಹೋದ. ಆದರೆ ಆ ಅವಮಾನ ಹೋಗಲಿಲ್ಲ. ಘನಿಯ್ಯಾ ಹಸಿ ಇಟ್ಟಿಗೆ ತರಿಸಿ ಐದನೇ ಅಂತಸ್ತಿನ ಬಾಗಿಲಿಗೆ ಗೋಡೆ ಎಬ್ಬಿಸಿದಳು. "ಇದಕ್ಕೆ ಯಾರ ಕೈ ತಾಗಿದರೂ, ಯಾರ ಕಬ್ಬಿಣ ತಾಗಿದರೂ ನನ್ನ ಮನೆ ಕುಸಿಯಲಿ" ಎಂದು ಆಣೆಯಿಟ್ಟಳು.

"ಆಣೆಯಿಂದ ಹಿಟ್ಟು ತಿರುಗಿ ಬರುತ್ತದೆಯೇ?" ಎಂದು ಬಖೀತಾ ಆಚೆಯಿಂದ ಕೂಗಿದಳಂತೆ.

ಹೀಗಿರಲು ಮರಳಿನ ಕಡೆಯಿಂದ ಶಮ್ಲಾನ್ ಎಂಬ ದಳವಾಯಿ ದಂಡು ಕಟ್ಟಿಕೊಂಡು ಬಂದ. ಕೋಟೆಯ ಬಾಗಿಲು ಮುರಿದ. ಬೀದಿಯನ್ನೂ ಹಿಡಿದ, ಬೀದಿಯ ಬಾವಿಯನ್ನೂ ಹಿಡಿದ. ಮನೆಗಳೆಲ್ಲ ಕೆಳಗಿನ ಬಾಗಿಲು ಹಾಕಿಕೊಂಡವು. ತೆರೆದವರಿಗೆ ಈಟಿ.

"ಒಡೆಯಲು ಹೋಗಬೇಡಿ," ಎಂದನಂತೆ ಶಮ್ಲಾನ್ ತನ್ನವರಿಗೆ. "ಒಂದೊಂದು ಮನೆಯೂ ಒಂದೊಂದು ಬೋನು. ಒಂಟಿಯಾಗಿ ಹೆದರಿದವರು ತಾವೇ ತೆರೆಯುತ್ತಾರೆ."

ಮೇಲಿನ ಬಾಗಿಲುಗಳಲ್ಲಿ ರೊಟ್ಟಿ ದಾಟಿತು, ಕೆಂಡ ದಾಟಿತು, ಸುದ್ದಿ ದಾಟಿತು. ಘನಿಯ್ಯಾಳ ಮನೆಗೆ ಮಾತ್ರ ಏನೂ ದಾಟಲಿಲ್ಲ. ಅಷ್ಟರಲ್ಲಿ ತುಂಬಿದ ಗರ್ಭಿಣಿ ಶಮ್ಮಾಳಿಗೆ ನೋವು ಬಂತು. ಮಗು ಅಡ್ಡ ತಿರುಗಿತ್ತು. ಸೂಲಗಿತ್ತಿ ಜೌಹರಾ ಇದ್ದದ್ದು ಸಾಲಿನ ಆ ತುದಿಯಲ್ಲಿ. ಆಣೆ ಮುರಿದರೆ ಮನೆ ಉಳಿಯುವುದಿಲ್ಲ, ಮುರಿಯದಿದ್ದರೆ ಮಗಳು ಉಳಿಯುವುದಿಲ್ಲ. ಗೋಡೆಗೆ ಕೈ ತಾಗಿಸುವಂತೆಯೂ ಇಲ್ಲ. ಘನಿಯ್ಯಾ ಗೋಡೆಯ ಬುಡದಲ್ಲಿ ಕುಳಿತು ನೆಲವನ್ನು ತಟ್ಟಿದಳಂತೆ.

"ತಟ್ಟುತ್ತಿರುವುದು ಯಾರು?" ಎಂದು ಆಚೆಯಿಂದ ನಕ್ಕಳು ಬಖೀತಾ. "ನಿಯಮದವಳೋ?"

"ಬಖೀತಾ, ಶಮ್ಮಾಗೆ ನೋವು ಬಂದಿದೆ. ಮಗು ಅಡ್ಡವಾಗಿದೆ."

ಆಚೆ ಕಡೆ ನಗು ನಿಂತಿತು. "ಜೌಹರಾಳನ್ನು ಕರೆಯಿರಿ!" ಎಂದು ಕೂಗಿದ ಸದ್ದು ಮನೆಯಿಂದ ಮನೆಗೆ ಓಡಿತು. ಸೂಲಗಿತ್ತಿ ಏದುಸಿರು ಬಿಡುತ್ತ ಬಂದು ಗೋಡೆಯ ಮುಂದೆ ನಿಂತಳು. ಬಖೀತಾಳ ಗಂಡ ಜುಮಾನ್ ಹಾರೆ ತಂದ.

"ಅದನ್ನು ಕೆಳಗಿಡಿ. ಆಣೆಯಿದೆ," ಎಂದಳು ಬಖೀತಾ.

"ಇಂಥ ಹೊತ್ತಿನಲ್ಲೂ ಆಣೆಯೇ?"

"ಅವಳ ಮನೆ ಬೀಳಿಸಿ ಅವಳ ಮಗಳನ್ನು ಉಳಿಸಲೇ?" ಎಂದವಳು ಮನೆಯಲ್ಲಿ ಉಳಿದಿದ್ದ ಒಂದೇ ಹಂಡೆ ನೀರನ್ನು ಎತ್ತಿ ಗೋಡೆಯ ಮೇಲೆ ಸುರಿದಳಂತೆ.

ಮಣ್ಣಿನ ಊರಿನಲ್ಲಿ ಗೋಡೆಗೆ ನೀರು ಸುರಿಯುವುದು ಮಹಾಪಾಪ. ಜುಮಾನ್ ತಲೆ ಹಿಡಿದುಕೊಂಡ. "ನಿನಗೆ ಹುಚ್ಚೇ? ನಾಳೆ ಏನು ಕುಡಿಯೋಣ?"

"ನಾಳೆ ಬಾಯಾರಿದರೆ ನಾಳೆ ಅಳೋಣ. ನೀರು ಕೈಯಲ್ಲ, ಕಬ್ಬಿಣವೂ ಅಲ್ಲ."

ಗೋಡೆ ನೆನೆಯಿತು, ಬೀಳಲಿಲ್ಲ. ಆಗ ಪಕ್ಕದ ಮನೆಯವಳು ತನ್ನ ಹಂಡೆ ಕೊಟ್ಟಳು. ಅದರಾಚೆಯವಳು ತನ್ನದು ಕೊಟ್ಟಳು. ಹಂಡೆಯ ಹಿಂದೆ ಹಂಡೆ, ಹಂಡೆಯ ಹಿಂದೆ ಹಂಡೆ, ಸಾಲಿನ ಆ ತುದಿಯಿಂದ ಈ ತುದಿಗೆ ಬಂದವಂತೆ. ಇಟ್ಟಿಗೆ ಕರಗಿ ಕೆಸರಾಗಿ ಜಾರಿತು. ಗೋಡೆಯ ನಡುವೆ ಒಂದು ಕಂಡಿ ಬಿತ್ತು. ಸೂಲಗಿತ್ತಿ ಜೌಹರಾ ದಪ್ಪ ಮೈಯವಳು. ಬಖೀತಾ ಹಿಂದಿನಿಂದ ತಳ್ಳಿದಳು, ಘನಿಯ್ಯಾ ಮುಂದಿನಿಂದ ಎಳೆದಳು. ಇಬ್ಬರೂ ಒಂದೇ ಕೆಲಸಕ್ಕೆ ಕೈಹಾಕಿದ್ದು ಶಮ್ಮಾಳ ಮದುವೆಯಾದ ಮೇಲೆ ಅದೇ ಮೊದಲಂತೆ.

ಬಿಸಿಲು ಇಳಿಯುವ ಮೊದಲು ಮಗು ಅತ್ತಿತು. ಗಂಡು ಮಗು. ತಾಯಿಯೂ ಉಳಿದಳು. ಘನಿಯ್ಯಾಳ ಕಿಟಕಿಯಿಂದ ಸಂತೋಷದ ಉಲಿ ಎದ್ದಿತು. ಬಖೀತಾಳ ಕಿಟಕಿ ಅದನ್ನು ಹಿಡಿಯಿತು. ಮುಂದಿನ ಕಿಟಕಿ, ಅದರ ಮುಂದಿನ ಕಿಟಕಿ. ದಂಡಿನ ತಲೆಯ ಮೇಲೆಯೇ ಊರು ಉಲಿಯುತ್ತ ಹೋಯಿತು.

ಶಮ್ಲಾನ್ ದಡಬಡಿಸಿ ಎದ್ದ. "ಯಾವ ಬಾಗಿಲು ತೆರೆಯಿತು? ಯಾರು ದಾಟಿದರು?"

"ಯಾವುದೂ ತೆರೆದಿಲ್ಲ, ಒಡೆಯಾ. ಒಂದು ನಾಯಿಯೂ ದಾಟಿಲ್ಲ."

ಶಮ್ಲಾನ್ ತಲೆಯೆತ್ತಿ ನೋಡಿದ. ಖರ್ಜೂರದ ಒಂದೇ ತಟ್ಟೆ ಒಂದು ಮನೆಯ ಕಿಟಕಿಯಲ್ಲಿ ಕಂಡು ಮರೆಯಾಗಿ, ಮತ್ತೊಂದು ಮನೆಯ ಕಿಟಕಿಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಹಾಗೆಯೇ ಅದು ಸಾಲಿನ ಕೊನೆಯವರೆಗೂ ಹೋಯಿತಂತೆ.

"ನಾನು ನೂರು ಬೋನಿಗೆ ಕಾವಲು ಕುಳಿತಿದ್ದೇನೆ ಎಂದುಕೊಂಡಿದ್ದೆ," ಎಂದ. "ಇದು ಒಂದೇ ಮನೆ. ನಾವು ಅದರ ಹೊಸ್ತಿಲಲ್ಲಿ ಭಿಕ್ಷುಕರಂತೆ ಕುಳಿತಿದ್ದೇವೆ. ಇಂಥವರು ವರ್ಷ ಕಳೆದರೂ ಸೋಲುವುದಿಲ್ಲ. ಏಳಿರಿ!"

ಮರುದಿನ ಬೆಳಗಾಗುವಷ್ಟರಲ್ಲಿ ಬೀದಿ ಖಾಲಿ. ಆ ಹೊತ್ತಿನಲ್ಲಿ ಊರಿನ ಯಾವ ಹಂಡೆಯಲ್ಲೂ ಒಂದು ಗುಟುಕು ನೀರು ಇರಲಿಲ್ಲ ಎಂಬುದು ಶಮ್ಲಾನನಿಗೆ ಕೊನೆಗೂ ತಿಳಿಯಲಿಲ್ಲವಂತೆ.

ಅವರು ಅಲ್ಲಿ ಮಣ್ಣಿನ ಮನೆಯ ತಂಪಿನಲ್ಲಿದ್ದಾರೆ, ನಾವು ಇಲ್ಲಿ ಹೆಂಚಿನ ನೆರಳಲ್ಲಿದ್ದೇವೆ. ಕಥೆ ಕೇಳಿದವರ ಮನೆ ತಣ್ಣಗಿರಲಿ.