ಎಡಗಡೆಯ ಪಟ್ಟಿ

ಹೊಳೆಯ ಈಚೆ ಒಂದು ಆಶ್ರಮ. ಆಚೆ ಗುಡ್ಡ. ಗುಡ್ಡದ ಮೇಲೆ ದನಗಾಹಿಗಳ ಹಟ್ಟಿಗಳು.

ಮಳೆಗಾಲದಲ್ಲಿ ಹಟ್ಟಿಗಳಿಗೆ ಔಷಧ, ಅಕ್ಕಿ ಮುಟ್ಟಿಸುವುದು, ಅಲ್ಲಿಯ ಬಸುರಿಯರನ್ನೂ ಜ್ವರದವರನ್ನೂ ಇಳಿಸಿ ತರುವುದು ಆಶ್ರಮದ ಹಳೆಯ ಟ್ರಕ್ಕಿನ ಕೆಲಸ. ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಸಿಗುವ ಗಟ್ಟಿ ಗಾಡಿ ಅದು. ಆದರೂ ಆಚೆ ದಂಡೆಯ ಏರನ್ನು ತಾನಾಗಿ ಹತ್ತುತ್ತಿರಲಿಲ್ಲ. ಮೇಲಿನ ಮತ್ತಿಮರಕ್ಕೆ ಬಿಗಿದ ಕೈರಾಟೆಯಿಂದ ಸರಪಳಿ ಇಳಿಸಿ, ಮುಂದಿನ ಬಂಪರಿನ ಕೊಕ್ಕೆಗೆ ಸಿಕ್ಕಿಸಿ, ಶಿಷ್ಯರು ರಾಟೆ ತಿರುವಬೇಕಿತ್ತು.

ಆ ಬೇಸಿಗೆಯಲ್ಲಿ ಬಂಪರ್ ಬಂಡೆಗೆ ಬಡಿದು ಮುರಿಯಿತು.

"ಹೊಸದನ್ನು ನಾನು ಮಾಡುತ್ತೇನೆ," ಎಂದ ಈರಭದ್ರ. ಶಿಷ್ಯನಾಗಿ ಬರುವ ಮೊದಲು ಅವನು ಗ್ಯಾರೇಜಿನಲ್ಲಿ ವೆಲ್ಡಿಂಗ್ ಕಲಿತಿದ್ದ.

"ಮಾಡು," ಎಂದರು ಗುರುಗಳು.

"ಒಂದು ಅಪ್ಪಣೆ ಬೇಕು, ಅಜ್ಜಾರೇ. ಈ ಕೆಲಸವನ್ನು ಮೌನದಲ್ಲಿ ಮಾಡುತ್ತೇನೆ. ಟ್ರಕ್ಕು ಆಚೆ ದಂಡೆ ಹತ್ತುವವರೆಗೆ ಮಾತಿಲ್ಲ. ಸನ್ನೆ ಇಲ್ಲ, ಬರಹವೂ ಇಲ್ಲ."

"ಅದನ್ನು ಯಾರು ಕೇಳಿದರು?"

"ಯಾರೂ ಕೇಳಿಲ್ಲ. ನನ್ನ ಸಾಧನೆಗೆ."

ಗುರುಗಳು ಅವನನ್ನು ನೋಡಿದರು. "ಇಲ್ಲಿಯ ರೂಢಿ ನೆನಪಿದೆಯೇ?"

"ಇದೆ."

ಹೊಸ ಬಾವಿಯ ಮೊದಲ ಬೊಗಸೆ ನೀರನ್ನು ಗುರುಗಳೇ ಕುಡಿಯುತ್ತಿದ್ದರು. ಹೊಸ ಸೂರಿನ ಕೆಳಗೆ ಮೊದಲ ಮಳೆಯ ದಿನ ಅವರೇ ಮಲಗುತ್ತಿದ್ದರು. ಶಿಷ್ಯರು ಏನೇ ಮಾಡಲಿ, ಅದರ ಮೊದಲ ಅಪಾಯ ಅವರ ಪಾಲಿನದು.

"ಹಾಗಾದರೆ ಸುಮ್ಮನಾಗು," ಎಂದರು.

ಈರಭದ್ರ ಸುಮ್ಮನಾದ.

ಉಕ್ಕನ್ನು ಅಳೆದ, ಕತ್ತರಿಸಿದ, ಬೆಸೆದ. ಆಶ್ರಮಕ್ಕೆ ಬಂದ ಭಕ್ತರು ಶೆಡ್ಡಿನ ಬಾಗಿಲಲ್ಲಿ ನಿಂತು, ಕಿಡಿಗಳ ನಡುವೆ ತುಟಿ ಬಿಗಿದು ಕೂತವನನ್ನು ಕಂಡು ಕೈಮುಗಿದು ಹೋಗುತ್ತಿದ್ದರು. ಅದು ಅವನಿಗೆ ಗೊತ್ತಾಗುತ್ತಿತ್ತು.

"ನಿಮ್ಮ ಶಿಷ್ಯ ಬಾಯಿಗೂ ವೆಲ್ಡಿಂಗ್ ಹಾಕ್ಕೊಂಡಾನ ನೋಡ್ರಿ, ಅಜ್ಜಾರ," ಎಂದ ಡ್ರೈವರ್ ಮಾಬುಸಾಬ. "ನಿನ್ನೆ ಅವನ ಕಾಲಮ್ಯಾಲ ಸುತ್ತಿಗಿ ಬಿತ್ತು. ಹ್ಞಾಂ ಅನ್ನಲಿಲ್ಲ, ಹ್ಞೂಂ ಅನ್ನಲಿಲ್ಲ."

"ನೋವಾಗಿರಬೇಕು," ಎಂದರು ಗುರುಗಳು.

"ನೋವು ಸುತ್ತಿಗಿಗೂ ಆಗಿರಬೇಕ್ರಿ."

ಶೆಡ್ಡಿನೊಳಗಿನ ಈರಭದ್ರ ನಗಲಿಲ್ಲ.

ಬಂಪರ್ ಸಿದ್ಧವಾಯಿತು. ಅದನ್ನು ಟ್ರಕ್ಕಿನ ಅಡಿಚೌಕಟ್ಟಿಗೆ ಹಿಡಿದಿಡಲು ಎರಡು ದಪ್ಪ ಪಟ್ಟಿಗಳು ಬೇಕಿದ್ದವು, ಬಲಕ್ಕೊಂದು, ಎಡಕ್ಕೊಂದು. ಬಲಗಡೆಯದು ಸರಿಯಾಗಿ ಕೂತಿತು. ಎಡಗಡೆಯದನ್ನು ಹಿಡಿದು ನೋಡಿದಾಗ ಒಂದು ಬೆರಳಿನಷ್ಟು ಗಿಡ್ಡವಾಗಿತ್ತು. ಕತ್ತರಿಸುವಾಗ ತಪ್ಪಿದ್ದ.

ಅಷ್ಟು ದಪ್ಪದ ಉಕ್ಕು ಆಶ್ರಮದಲ್ಲಿ ಇನ್ನೊಂದು ತುಂಡೂ ಇರಲಿಲ್ಲ.

ಅದೇ ಹೊತ್ತಿಗೆ ಮಾಬುಸಾಬ ಬಾಗಿಲಲ್ಲಿ ಇಣುಕಿದ. "ಪ್ಯಾಟಿಗೆ ಹೊಂಟೀನಿ, ಸ್ವಾಮಿ. ಏನರ ತರೋದೈತೇನು?"

ಈರಭದ್ರ ಗಿಡ್ಡ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ನಿಂತಿದ್ದ.

"ರಾಡು? ಬಣ್ಣ? ಉಕ್ಕು?"

ಈರಭದ್ರ ಪಟ್ಟಿಯನ್ನು ತಿರುವಿ ನೋಡಿದ.

"ಏನೂ ಬ್ಯಾಡೇನು? ಆತು ಬಿಡು." ಮಾಬುಸಾಬನ ಚಪ್ಪಲಿಯ ಸದ್ದು ದೂರವಾಯಿತು.

ಈರಭದ್ರ ಗಿಡ್ಡ ಪಟ್ಟಿಯನ್ನೇ ಇಟ್ಟು, ಉಳಿದ ಸಂದಿಗೆ ಕಂಬಿಯ ಚೂರುಗಳನ್ನು ತುರುಕಿದ. ಮೇಲೆ ತೆಳುವಾಗಿ ಬೆಸುಗೆ ಎಳೆದ. ಗ್ರೈಂಡರ್ ಹಿಡಿದು ನುಣುಪು ಮಾಡಿದ. ತಗ್ಗುಗಳಿಗೆ ಪುಟ್ಟಿಯ ಲೇಪ ಮೆತ್ತಿ, ಉಜ್ಜಿ, ಕಪ್ಪು ಬಣ್ಣ ಬಳಿದ. ಬಣ್ಣದಲ್ಲಿ ಒಂದು ಗೆರೆಯಷ್ಟೂ ದೋಷವಿರಲಿಲ್ಲ.

ಮರುದಿನ ಗುರುಗಳು ಬಂದು ಕೋಲಿನಿಂದ ಬಲಗಡೆಯ ಪಟ್ಟಿಯನ್ನು ತಟ್ಟಿದರು. ಅದು ಗಂಟೆಯಂತೆ ನುಡಿಯಿತು. ಎಡಗಡೆಯದನ್ನು ತಟ್ಟಿದರು. ಅದು ಸೌದೆಯ ಸದ್ದು ಮಾಡಿತು.

"ಒಳ್ಳೆಯ ಬಣ್ಣ," ಎಂದರು. "ಮಾಬುಸಾಬ, ಗಾಡಿ ಹೊರಡಿಸು. ಮೋಡ ಕಟ್ಟುತ್ತಿದೆ. ನಾಳೆಯಿಂದ ಹಟ್ಟಿಯವರಿಗೆ ಇದು ಬೇಕಾಗುತ್ತದೆ."

ಟ್ರಕ್ಕು ಹೊಳೆ ದಾಟಿತು. ಆಚೆ ದಂಡೆಯ ಏರಿಗೆ ಮೂಗು ಚಾಚಿ ನಿಂತಿತು. ಸರಪಳಿ ಕೊಕ್ಕೆಗೆ ಬಿತ್ತು. ಮೇಲೆ ನಾಲ್ವರು ಶಿಷ್ಯರು ರಾಟೆ ಹಿಡಿದರು.

ಇಂಥ ಏರಿನಲ್ಲಿ ಒಬ್ಬರು ಟ್ರಕ್ಕಿನ ಹಿಂದೆ ನಡೆಯಬೇಕು. ಗಾಡಿ ನಿಂತಲ್ಲೆಲ್ಲ ಹಿಂದಿನ ಗಾಲಿಗೆ ಅಡ್ಡವಾಗಿ ಕಲ್ಲು ಇಡಬೇಕು. ಸರಪಳಿ ಕಳಚಿದರೆ ಗಾಡಿ ಮೊದಲು ಹಾಯುವುದು ಅವರ ಮೇಲೆ.

ಗುರುಗಳು ಪಂಚೆ ಎತ್ತಿ ಕಟ್ಟಿ, ಕಲ್ಲು ಎತ್ತಿಕೊಂಡು ಟ್ರಕ್ಕಿನ ಹಿಂದೆ ಹೋಗಿ ನಿಂತರು.

ಈರಭದ್ರ ಓಡಿಬಂದ. ಅವರ ಕೈಯ ಕಲ್ಲಿಗೆ ಕೈ ಹಾಕಿದ.

"ಏನು? ನನ್ನ ಜಾಗ ಬೇಕೇ?"

ಅವನು ಕಲ್ಲನ್ನು ಎಳೆದ. ಗುರುಗಳು ಬಿಡಲಿಲ್ಲ.

"ಯಾಕೆ ಬೇಕು?"

ಈರಭದ್ರನ ಹಣೆ ಬೆವರಿತ್ತು. ತುಟಿ ತೆರೆಯಲಿಲ್ಲ.

"ಕಾರಣ ಹೇಳು, ಕೊಡುತ್ತೇನೆ."

ಅವನು ಅವರ ಕಾಲಿಗೆ ಬಿದ್ದ.

"ಇದು ಕಾರಣವಲ್ಲ," ಎಂದರು ಗುರುಗಳು. "ಏಳು. ಮುಂದೆ ಹೋಗಿ ನಿನ್ನ ಕೆಲಸವನ್ನು ನೋಡಿಕೋ." ಬಳಿಕ ದನಿ ಎತ್ತಿ, "ಎಳೆಯಿರಿ!" ಎಂದರು.

ರಾಟೆ ಕಿರುಗುಟ್ಟಿತು. ಎಂಜಿನ್ ಗುಡುಗಿತು. ಟ್ರಕ್ಕು ಮೊದಲು ಒಂದು ಮೊಳ, ಮತ್ತೊಂದು ಮೊಳ ಏರಿತು. ಗುರುಗಳು ಕಲ್ಲು ಇಟ್ಟರು, ಎತ್ತಿದರು, ಮತ್ತೆ ಇಟ್ಟರು.

ಈರಭದ್ರ ಬಂಪರಿನ ಪಕ್ಕದಲ್ಲಿ ನಡೆಯುತ್ತಿದ್ದ. ಅವನು ಸರಪಳಿಯನ್ನು ನೋಡಲಿಲ್ಲ, ದಾರಿಯನ್ನು ನೋಡಲಿಲ್ಲ. ಎಡಗಡೆಯ ಪಟ್ಟಿಯನ್ನೇ ನೋಡುತ್ತಿದ್ದ. ದಂಡೆಯ ತುದಿ ಹತ್ತಿರವಾಗಿತ್ತು. ಇನ್ನು ಸ್ವಲ್ಪ ಏರಿದರೆ ವ್ರತ ಪೂರ್ಣ. ಯಾರಿಗೂ ಏನೂ ತಿಳಿಯುವುದಿಲ್ಲ.

ಏರು ಕಡಿದಾಗಿದ್ದ ಕಡೆ ಸರಪಳಿ ಬಿಗಿದು ನಡುಗಿತು.

"ಅಜ್ಜಾರೇ! ಪಕ್ಕಕ್ಕೆ ಸರೀರಿ! ಎಡಗಡೆ ಬೆಸುಗೆ ಗಟ್ಟಿಯಿಲ್ಲ!"

ಬಹಳ ದಿನ ಬಳಸದ ದನಿ. ಅದು ಯಾರದೆಂದು ಮೇಲಿನವರಿಗೆ ತಿಳಿಯಲಿಲ್ಲ. ರಾಟೆ ನಿಂತಿತು.

ಗುರುಗಳು ಗಾಲಿಗೆ ಕಲ್ಲು ಕೊಟ್ಟು ನೆಟ್ಟಗೆ ನಿಂತರು. ಸರಿಯಲಿಲ್ಲ.

"ಏನಂದೆ?"

"ಬೆಸುಗೆ ಗಟ್ಟಿಯಿಲ್ಲ! ಸರೀರಿ!"

"ಯಾಕಿಲ್ಲ?"

"ಪಟ್ಟಿ ಗಿಡ್ಡವಾಯಿತು! ಕೂರಲಿಲ್ಲ!"

"ಸಂದಿಗೆ ಏನು ತುಂಬಿದೆ?"

"ಕಂಬಿ ಚೂರು! ಅಜ್ಜಾರೇ, ದಮ್ಮಯ್ಯ!"

"ಕಂಬಿಯ ಮೇಲೆ?"

"ಪುಟ್ಟಿ!"

ಕಿಟಕಿಯಿಂದ ಮಾಬುಸಾಬ ತಲೆ ಹಾಕಿ ಕೂಗಿದ. "ಅಜ್ಜಾರ, ಬ್ರೇಕು ಜಾರಾಕ ಹತ್ತೈತ್ರಿ! ನಿಮ್ಮ ಪಾಠ ಆಮ್ಯಾಲ ಇಟ್ಕೊಳ್ರಿ!"

ಗುರುಗಳು ಈರಭದ್ರನಿಂದ ಕಣ್ಣು ತೆಗೆಯಲಿಲ್ಲ. "ಬೇರೆ ಪಟ್ಟಿ ತರಿಸಬಹುದಿತ್ತಲ್ಲ?"

"ಮಾತಾಡಬೇಕಾಗುತ್ತಿತ್ತು." ಈರಭದ್ರನ ದನಿ ಒಡೆಯಿತು. "ಎಲ್ಲರೂ ನನ್ನ ಮೌನವನ್ನು ಹೊಗಳುತ್ತಿದ್ದರು."

ಆಗ ಗುರುಗಳು ಪಕ್ಕಕ್ಕೆ ಸರಿದರು.

ಕಪ್ಪು ಬಣ್ಣ ಸಿಪ್ಪೆಯಂತೆ ಎದ್ದಿತು. ಪುಟ್ಟಿ ಉದುರಿತು. ಎಡಗಡೆ ಕಳಚಿ, ಬಂಪರ್ ಬಾಗಿಲು ತೆರೆದಂತೆ ತಿರುಗಿತು. ಕೊಕ್ಕೆಯಿಂದ ಸರಪಳಿ ಜಾರಿ ಗಾಳಿಯಲ್ಲಿ ಚಾಟಿಯಂತೆ ಬೀಸಿತು. ಟ್ರಕ್ಕು ಕಲ್ಲನ್ನು ಹಾರಿಸಿ, ಗುರುಗಳು ನಿಂತಿದ್ದ ಜಾಗವನ್ನು ಹಾದು, ಹೊಳೆಗೆ ಇಳಿದು ಮರಳಿನಲ್ಲಿ ಹೂತು ನಿಂತಿತು.

ಮಾಬುಸಾಬ ಸೊಂಟಮಟ್ಟದ ನೀರಿನಲ್ಲಿ ಬಾಗಿಲು ತೆರೆದು ಇಳಿದ. ಕೈಕಾಲು ಮುಟ್ಟಿ ನೋಡಿಕೊಂಡ.

"ಎಲ್ಲಾ ಐತಿ," ಎಂದ. ಆಮೇಲೆ ಈರಭದ್ರನ ಕಡೆ ತಿರುಗಿದ. "ಲೇ ಮೌನಿ! ಪ್ಯಾಟಿಗೆ ಹೊಂಟಾಗ ನಿನ್ನನ್ನ ಕೇಳಿದ್ನೋ ಇಲ್ಲೋ? ಉಕ್ಕು ಬೇಕೇನು ಅಂತ ಹೆಸರು ಹಿಡಿದು ಕೇಳಿದ್ನೋ ಇಲ್ಲೋ?"

"ನೀನು ಕೇಳಿದ್ದೆ, ಅಣ್ಣಾ," ಎಂದ ಈರಭದ್ರ.

ಮಾಬುಸಾಬನಿಗೆ ಇನ್ನೂ ಬೈಯಬೇಕಿತ್ತು. ಆ ಮುಖ ನೋಡಿ ಬಿಟ್ಟ.

ಗುರುಗಳು ದಂಡೆಯ ಮೇಲೆ ಕೂತಿದ್ದರು. ಈರಭದ್ರ ಅವರ ಮುಂದೆ ಬಂದು ನಿಂತ.

"ನನ್ನ ವ್ರತ ಮುರಿಯಿತು, ಅಜ್ಜಾರೇ."

"ಯಾವಾಗ?"

"ಈಗ. ಕೂಗಿದಾಗ."

ಗುರುಗಳು ಬಗ್ಗಿ, ದಾರಿಯಲ್ಲಿ ಬಿದ್ದಿದ್ದ ಪುಟ್ಟಿಯ ಒಂದು ಹಕ್ಕಳೆಯನ್ನು ಹೆಕ್ಕಿ ಅವನ ಅಂಗೈಯಲ್ಲಿಟ್ಟರು. ಅದರ ಒಂದು ಮೈ ಇನ್ನೂ ಕಪ್ಪಗೆ ಹೊಳೆಯುತ್ತಿತ್ತು.

ಈರಭದ್ರ ಆ ಬಣ್ಣವನ್ನು ಉಗುರಿನಿಂದ ಕೆರೆದ.

"ಮತ್ತೆ ಮಾಡುತ್ತೇನೆ," ಎಂದ. "ಮೌನ ಹಿಡಿದು, ಮೊದಲಿನಿಂದ."

"ಬೇಡ. ಈ ಸಲ ಬಾಯಿ ಬಿಟ್ಟು ಮಾತಾಡುತ್ತಾ ಮಾಡು. ಕೂತದ್ದನ್ನು ಕೂತಿತು ಎಂದು ಗಟ್ಟಿಯಾಗಿ ಹೇಳು. ಕೂರದಿದ್ದರೆ ಕೂರಲಿಲ್ಲ ಎನ್ನು. ಕೇಳಲು ಯಾರೂ ಇಲ್ಲದಿದ್ದರೂ ಹೇಳು."

"ಭಕ್ತರು ನಗುತ್ತಾರೆ."

"ನಗಲಿ."

ಮೋಡ ಗುಡ್ಡದ ನೆತ್ತಿಗೆ ಇಳಿದಿತ್ತು. ಕೆಳಗೆ ಮಾಬುಸಾಬ ಗಾಲಿಯ ಮರಳನ್ನು ಕೈಯಿಂದ ಬಗೆಯುತ್ತಾ ಏನೋ ಗೊಣಗುತ್ತಿದ್ದ.

ಈರಭದ್ರ ಹೋಗಲಿಲ್ಲ. "ಮುಂದಿನ ಸಲ ಟ್ರಕ್ಕಿನ ಹಿಂದೆ ನಾನು ನಿಲ್ಲುತ್ತೇನೆ, ಅಜ್ಜಾರೇ. ನಿಮ್ಮ ಕಾಲು ಹಿಡಿಯುತ್ತೇನೆ. ಅದೊಂದನ್ನು ನಡೆಸಿಕೊಡಿ."

ಗುರುಗಳು ಎದ್ದರು. ನೀರಿನಂಚಿಗೆ ಉರುಳಿ ಹೋಗಿದ್ದ ಕಲ್ಲನ್ನು ಹುಡುಕಿ ಎತ್ತಿಕೊಂಡರು.

"ಬಣ್ಣ ಬಳಿಯಬೇಡ," ಎಂದರು. "ನಾನು ಮತ್ತೆ ಅಲ್ಲೇ ನಿಲ್ಲುತ್ತೇನೆ."