ಉಂಡ್ಯಾ ಬಂಡೆ

ಮುದ್ದೇನಹಾಳದ ಪಡುವಣಕ್ಕೆ, ಹಳ್ಳ ಬಳಸಿ ತಿರುಗುವ ಕಡೆ, ಎರಡಾಳೆತ್ತರದ ದುಂಡನೆಯ ಬಂಡೆಯೊಂದಿದೆ. ಹಳ್ಳದಾಚೆ ಕೆಂಪು ಗುಡ್ಡ. ನಡುವೆ ದಿಬ್ಬವೊಂದು ಅಡ್ಡ ಬಂದಿರುವುದರಿಂದ ಬಂಡೆಯ ಮೇಲಿದ್ದವರಿಗೆ ಗುಡ್ಡದ ನೆತ್ತಿ ಕಾಣುವುದಿಲ್ಲ, ನೆತ್ತಿಯ ಮೇಲಿದ್ದವರಿಗೆ ಬಂಡೆ ಕಾಣುವುದಿಲ್ಲ. ಗಾಳಿ ಇಲ್ಲದ ಮುಂಜಾನೆ ಕೂಗಿದರೆ ಮಾತ್ರ ದನಿ ಸ್ಪಷ್ಟವಾಗಿ ದಾಟುತ್ತದೆ. ನಕ್ಷೆಯಲ್ಲಿ ಇದರ ಹೆಸರು ‘ಉಂಡೆ ಬಂಡೆ’ ಎಂದಿದೆ. ಅಳತೆಗೆ ಬಂದವರು ಅದರ ದುಂಡು ನೋಡಿ ಹಾಗೆ ಬರೆದುಕೊಂಡು ಹೋಗಿರಬೇಕು. ಊರಿನವರ ಬಾಯಲ್ಲಿ ಅದು ‘ಉಂಡ್ಯಾ ಬಂಡೆ’. ಊಟವಾಯಿತೇ ಎಂದು ಕೇಳುವ ‘ಉಂಡ್ಯಾ’. ಆ ಹೆಸರು ನೇಕಾರ ಕಳಕಪ್ಪನಿಂದ ಬಂತು ಎನ್ನುತ್ತಾರೆ.

ಹಿಂದೆ ಒಮ್ಮೆ, ಈಗಿನ ಮುದುಕರ ಮುತ್ತಜ್ಜಂದಿರ ಕಾಲದಲ್ಲಿ, ಈ ಸೀಮೆಗೆ ಗಂಟುಬೇನೆ ಬಂತು. ಮೊದಲು ಇಲಿಗಳು ಬಿದ್ದವು. ಹಾಡುಹಗಲಲ್ಲೇ ತೂರಾಡುತ್ತಾ ಅಂಗಳಕ್ಕೆ ಬಂದು, ಜನರ ಕಾಲ ಬಳಿಯೇ ಸುತ್ತಿ ಸುತ್ತಿ ಸಾಯುತ್ತಿದ್ದವು. ಆಮೇಲೆ ಮನುಷ್ಯರ ಸರದಿ. ಕಂಕುಳಲ್ಲೋ ತೊಡೆಯ ಸಂದಿಯಲ್ಲೋ ಗಂಟು ಎದ್ದರೆ ಮೂರು ದಿನ, ಹೆಚ್ಚೆಂದರೆ ನಾಲ್ಕು. ಊರ ಗೌಡರು ಡಂಗುರ ಸಾರಿಸಿದರು: ನಡೆಯಬಲ್ಲವರೆಲ್ಲ ಗುಡ್ಡದ ಮೇಲೆ ಗುಡಿಸಲು ಹಾಕಿಕೊಳ್ಳಬೇಕು, ಬೇನೆ ತಗ್ಗುವವರೆಗೆ ಯಾರೂ ಹಳ್ಳ ದಾಟಿ ಇಳಿಯಕೂಡದು, ಊರೊಳಗಿದ್ದವರು ಹತ್ತಕೂಡದು. ಆಗಲೇ ಹಾಸಿಗೆ ಹಿಡಿದಿದ್ದವರು ಹದಿನಾಲ್ಕು ಮಂದಿ. ಅವರ ಗತಿಯೇನೆಂದು ಯಾರೂ ಕೇಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ ಗಂಟುಮೂಟೆ ಕಟ್ಟತೊಡಗಿದರು. ಆಗ ಕಳಕಪ್ಪ ಚಾವಡಿಯ ಮುಂದೆ ಬಂದು, “ಅವರಿಗೆ ನೀರು ಕೊಡಾಕ ಒಬ್ಬರಾದ್ರೂ ಬೇಕಲ್ರೀ. ನಾ ಇರ್ತೀನಿ” ಎಂದನು.

ಅವನು ಅಂಥವನೇ. ಯಾರ ಬಣವೆಗೆ ಬೆಂಕಿ ಬಿದ್ದರೂ, ಯಾರ ಗೋಡೆ ಕುಸಿದರೂ, ಮಗ್ಗದ ಕುಣಿಯಿಂದೆದ್ದು ಮೊದಲು ಓಡುವವನು ಅವನು. ಆದರೆ ಅವನಿಗೆ ನೀಲವ್ವ ಎಂಬ ಹತ್ತು ವರ್ಷದ ಮಗಳಿದ್ದಳು. ಹೆರಿಗೆಯಲ್ಲೇ ತಾಯಿ ತೀರಿಕೊಂಡ ಆ ಕೂಸನ್ನು ಅವನೇ ಮೀಯಿಸಿ, ಉಣ್ಣಿಸಿ ಬೆಳೆಸಿದ್ದ. ಎಳೆ ಹುರಿಗೊಳಿಸಿದ ಕೈಯಿಂದ ದಿನವೂ ತಾನೇ ಅವಳಿಗೆ ಜಡೆ ಹೆಣೆಯುತ್ತಿದ್ದ. ಗುಡ್ಡ ಹತ್ತುವ ದಿನವೂ ಬಿಗಿಯಾಗಿ ಹೆಣೆದು, ಅವಳನ್ನು ತನ್ನ ತಂಗಿ ಸಂಗವ್ವನ ಕೈಗೆ ಒಪ್ಪಿಸಿದ. ನೀಲವ್ವ ಅವನ ಧೋತರದ ಚುಂಗು ಬಿಡಲಿಲ್ಲ. “ದಿನಾ ಹೊತ್ತು ಮಾರುದ್ದ ಏರಿದಾಗ ಬಂಡೆ ಮ್ಯಾಲ ನಿಂತು ಕೂಗ್ತೀನವ್ವಾ, ನೀ ಓಗೊಡು. ನನ್ನ ದನಿ ಕೇಳೂತನಾ ನಾ ಅದೀನಿ ಅಂತ ತಿಳಕೋ” ಎಂದು ಅವನು ರಮಿಸಿದ. “ಕೇಳದಿದ್ರ?” ಎಂದು ಅವಳು ಕೇಳಿದಳು. ಕಳಕಪ್ಪ ಚುಂಗು ಹಿಡಿದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ, “ಕೇಳ್ತದ” ಎಂದನು.

ಮರುದಿನ ಬಿಸಿಲು ಏರುವ ಮೊದಲೇ ನೀಲವ್ವ ನೆತ್ತಿಯ ಅಂಚಿಗೆ ಹೋಗಿ ನಿಂತಳು. ಕೆಳಗಿನಿಂದ ದನಿ ಬಂತು: “ನೀಲವ್ವಾ... ಉಂಡ್ಯಾ?” ಅವಳು ಅಂಗೈಗಳನ್ನು ಬಾಯಿಗೆ ಹಿಡಿದು, “ಉಂಡೀನಪ್ಪಾ...” ಎಂದು ಕೂಗಿದಳು. ದಿನವೂ ಅಷ್ಟೇ ಮಾತು. ಅಷ್ಟರಿಂದ ಅವಳಿಗೆ ಮಧ್ಯಾಹ್ನದವರೆಗೆ ಉಸಿರಾಡಲು ಸಾಧ್ಯವಾಗುತ್ತಿತ್ತು. ಹೊತ್ತು ವಾಲತೊಡಗಿದೊಡನೆ ಅಂಜಿಕೆಯಾಗಿ ಮತ್ತೆ ಅಂಚಿಗೆ ಹೋಗಿ ನಿಲ್ಲುತ್ತಿದ್ದಳು. ಗುಡ್ಡದಿಂದ ಊರಿನ ಮಾಳಿಗೆಗಳು ಕಾಣುತ್ತಿದ್ದವು. ಎಲ್ಲಿಯೂ ಒಲೆಯ ಹೊಗೆ ಇಲ್ಲ. ಊರಾಚೆಯ ಮಸಣದಲ್ಲಿ ಮಾತ್ರ ಒಂದು ಸಣ್ಣ ಆಕೃತಿ ಬಗ್ಗಿ ಬಗ್ಗಿ ಅಗೆಯುತ್ತಿರುವುದು ಕಾಣುತ್ತಿತ್ತು. ಸಂಗವ್ವ ಅವಳ ಮುಖವನ್ನು ತನ್ನ ಸೆರಗಿಗೆ ಒತ್ತಿ, ನೋಡಬೇಡವೆನ್ನುತ್ತಿದ್ದಳು. ಅಪ್ಪ ಹೆಣೆದ ಜಡೆಯನ್ನು ಬಿಚ್ಚಲು ನೀಲವ್ವ ಯಾರಿಗೂ ಬಿಡಲಿಲ್ಲ. ಅದು ಸಿಕ್ಕುಗಟ್ಟಿ, ಹೇನು ಬಿದ್ದರೂ ಬಿಡಲಿಲ್ಲ.

ಹದಿನೇಳನೆಯ ದಿನ ಹೊತ್ತು ಮಾರುದ್ದ ಏರಿತು, ಎರಡು ಮಾರು ಏರಿತು. ಕೂಗು ಬರಲಿಲ್ಲ. ಗುಡಿಸಲುಗಳಲ್ಲಿ ಬೀಸುವ ಕಲ್ಲಿನ ಸದ್ದು ನಿಂತಿತು. ನೀಲವ್ವ ಮುಳ್ಳು ಕಲ್ಲು ನೋಡದೆ ಇಳಿಜಾರಿನಲ್ಲಿ ಓಡಿದಳು. ಹಳ್ಳದ ದಂಡೆಯಲ್ಲಿ ಕಾವಲಿದ್ದ ತಳವಾರ ಅವಳ ರಟ್ಟೆ ಹಿಡಿದುಕೊಂಡ. ಅವಳು ಅವನ ಕೈ ಕಚ್ಚಿ ಬಿಡಿಸಿಕೊಂಡು ನೀರಿಗೆ ಕಾಲಿಡುವಷ್ಟರಲ್ಲಿ ದಿಬ್ಬದಾಚೆಯಿಂದ ದನಿ ಬಂತು. ಒಡೆದು ಹೋದ, ಕೆರೆದ ದನಿ. “ನೀಲವ್ವಾ... ಉಂಡ್ಯಾ?” ಅವಳ ಅಳು ಕೇಳಿಸಿತೋ ಏನೋ, ಇನ್ನೊಂದು ಮಾತೂ ಬಂತು: “ದಾಟಬ್ಯಾಡವ್ವಾ... ಗಂಟಲಾ ಕಟ್ಟೈತಿ ಅಷ್ಟ...” ನೀಲವ್ವ ಕಾಲು ಹಿಂದೆಗೆದುಕೊಂಡಳು. “ಉಂಡೀನಪ್ಪಾ” ಎಂದಳು. ಅಂದು ಅವಳು ಏನನ್ನೂ ಉಂಡಿರಲಿಲ್ಲ.

ಮರುದಿನದ ಕೂಗು ಇನ್ನೂ ಸಣ್ಣದಾಗಿತ್ತು. ಅದರ ಮರುದಿನ ಮೊದಲಿನ ಹಾಗೆ ಸರಿಯಾದ ಹೊತ್ತಿಗೇ, ಗಟ್ಟಿಯಾಗಿಯೇ ಕೂಗು ಕೇಳಿತು. ಗುಡಿಸಲಿನವರೆಲ್ಲ ನಿಟ್ಟುಸಿರುಬಿಟ್ಟರು. “ಆರಾಮಾಗ್ಯಾನ ಅಣ್ಣ” ಎಂದು ಸಂಗವ್ವ ಕೈಮುಗಿದಳು. ನೀಲವ್ವ ಮಾತ್ರ ಬಾಯಿಗೆ ಎತ್ತಿದ್ದ ಕೈ ಇಳಿಸಿದಳು. ಅಪ್ಪ ‘ನೀಲವ್ವಾ’ ಎನ್ನುವಾಗ ಕೊನೆಯನ್ನು ಮೇಲಕ್ಕೆ ಎಳೆಯುತ್ತಿದ್ದ. ಈ ದನಿ ಅಲ್ಲಿ ಕೆಳಗಿಳಿಯಿತು. ಮಾತು ಅದೇ, ಬಂಡೆ ಅದೇ, ಆದರೆ ಕೂಗಿದವರು ಬೇರೆ. ಅವಳಿಗೆ ಕಿರುಚಬೇಕೆನಿಸಿತು. ಸಂಗವ್ವ ಅವಳನ್ನೇ ನೋಡುತ್ತಿದ್ದಳು. ಕೆಳಗೆ ಆ ದನಿ, ಉತ್ತರಕ್ಕೆ ಕಾದಂತೆ, ಮತ್ತೊಮ್ಮೆ “ಉಂಡ್ಯಾ?” ಎಂದಿತು. ನೀಲವ್ವ ಅಂಗೈಗಳನ್ನು ಬಾಯಿಗೆ ಹಿಡಿದು, “ಉಂಡೀನಪ್ಪಾ...” ಎಂದು ಕೂಗಿದಳು. ಅಂದಿನಿಂದ ಮೂವತ್ತೊಂದು ದಿನ ಹೀಗೆಯೇ ನಡೆಯಿತು. ಅವಳು ಯಾರಿಗೂ ಏನೂ ಹೇಳಲಿಲ್ಲ. ಪ್ರತಿ ಮುಂಜಾನೆ ಮೊದಲಿಗಿಂತ ಹೆಚ್ಚಿನ ಅಂಜಿಕೆಯಿಂದ ಅಂಚಿಗೆ ಹೋಗಿ ನಿಲ್ಲುತ್ತಿದ್ದಳು.

ಯುಗಾದಿಯ ಬಿಸಿಲು ಬಲಿತ ಮೇಲೆ ಬೇನೆ ತಗ್ಗಿತು, ಜನ ಇಳಿದು ಬಂದರು. ಬಂಡೆಯ ಬುಡದಲ್ಲಿ ಒಬ್ಬ ಮುದುಕ ಕುಳಿತಿದ್ದ. ಹತ್ತಿ ಹಿಂಜುವ ಪಿಂಜಾರ ಮೋದಿನಸಾಬ, ಹಿಂದೆ ಬಿಟ್ಟುಹೋದ ಹದಿನಾಲ್ಕರಲ್ಲಿ ಒಬ್ಬ. ಅವನೂ ಸೇರಿ ಬದುಕುಳಿದವರು ಐದು ಜನ. ಐವರಿಗೂ ಗಂಜಿ ಕುಡಿಸಿ ಬದುಕಿಸಿದವನು ಕಳಕಪ್ಪ. ಮುದುಕ ನೀಲವ್ವನನ್ನು ಕಂಡು ಬಂಡೆ ಹಿಡಿದು ಎದ್ದು ನಿಂತ.

“ಯವ್ವಾ, ನಿಮ್ಮಪ್ಪ ಜೀವ ಬಿಡೂ ಮುಂದ ಒಂದ ಮಾತು ಹೇಳಿದ. ನಾಳೆ ಯಾರರ ಕೂಗ್ರಿ, ಇಲ್ಲಂದ್ರ ನನ್ನ ಮಗಳು ಹಳ್ಳಾ ದಾಟಿ ಬರ್ತಾಳ ಅಂದ. ಎದ್ದು ನಿಲ್ಲೂ ತ್ರಾಣ ನನಗಷ್ಟ ಇತ್ತು. ನಿನಗ ದಿನಾ ಸುಳ್ಳು ಹೇಳೀನವ್ವಾ” ಎಂದು ಅಳತೊಡಗಿದ.

“ನನಗ ಮೊದಲನೇ ದಿನಾನ ಗೊತ್ತಾತು, ಅಜ್ಜಾ” ಎಂದಳು ನೀಲವ್ವ.

“ಮತ್ಯಾಕ ಓಗೊಟ್ಟಿ?”

“ನಾ ಸುಮ್ಮನಾದ್ರ ನೀವು ಕೂಗೂದು ಬಿಡ್ತಿದ್ರಿ. ಆಮ್ಯಾಲ ನೀವು ಬದುಕೀರಿ ಅಂತ ನನಗ ಹೆಂಗ ಗೊತ್ತಾಗಬೇಕಿತ್ತು?”

ಮೋದಿನಸಾಬನಿಗೆ ಹಿಂದೆಮುಂದೆ ಯಾರೂ ಇರಲಿಲ್ಲ. ಅವನು ಇರುವವರೆಗೂ ನೀಲವ್ವ ಅವನಿಗೆ ರೊಟ್ಟಿ ಒಯ್ದು ಕೊಟ್ಟಳು, ಅವನು ತೀರಿಕೊಂಡಾಗ ಹಟ ಹಿಡಿದು ಬಂಡೆಯ ಬಳಿ, ಅಪ್ಪನನ್ನು ಹೂತಲ್ಲೇ ಮಣ್ಣು ಮಾಡಿಸಿದಳು ಎನ್ನುತ್ತಾರೆ. ಇಂದು ಅಲ್ಲಿಗೆ ಹೋದವರಿಗೆ ಗುಡಿಯಾಗಲಿ ಮೂರ್ತಿಯಾಗಲಿ ಸಿಗುವುದಿಲ್ಲ. ಬಂಡೆಯ ನೆರಳು ಬೀಳುವಲ್ಲಿ ಕಲ್ಲು ಕಟ್ಟಿದ ಎರಡು ದಿಣ್ಣೆಗಳಿವೆ, ಒಂದರ ಪಕ್ಕ ಒಂದು, ಹೆಸರಿಲ್ಲದವು. ಯಾವುದು ಕಳಕಪ್ಪನದು, ಯಾವುದು ಮೋದಿನಸಾಬನದು ಎಂದು ಕೇಳಿದರೆ ಊರಿನ ಹಿರಿಯರಿಗೂ ಖಚಿತವಿಲ್ಲ. ಹೂವನ್ನು ಎರಡಕ್ಕೂ ಇಡುತ್ತಾರೆ.